ಕಾರವಾರದ ವಕೀಲ್ ಸಾಹೇಬರ ಬಗ್ಗೆ ನಿಮಗೆ ಗೊತ್ತಿರುವುದನ್ನು ಇಲ್ಲಿ ಬರೆಯಿರಿ

ಕೋಡಿಬಾಗದವನು

ವಕೀಲ್ ಸಾಹೇಬರು ತೀರಿಕೊಂಡು ತಿಂಗಳಾಗುತ್ತಾ ಬಂತು. ಪೇಪರಿನಲ್ಲಿ ಬಂದದ್ದು ಒಂದು ಸಣ್ಣ ಸುದ್ದಿ. ಹಿರಿಯ ವಕೀಲರು, ಸಮಾಜದ ಮುಖಂಡರು, ಇಂತಿಂಥ ಸಂಘಕ್ಕೆ ಅಧ್ಯಕ್ಷರಾಗಿದ್ದರು, ಇಂತಿಂಥವರು ಸಂತಾಪ ಸೂಚಿಸಿದ್ದಾರೆ. ಅದನ್ನು ಓದಿದ ಹೊರಗಿನವರಿಗೆ ಈ ಮನುಷ್ಯ ಇಷ್ಟು ವರ್ಷ ಏನು ಮಾಡಿದರು ಅಂತ ಏನೂ ತಿಳಿಯುವುದಿಲ್ಲ. ಅದಕ್ಕೇ ಈ ಚರ್ಚೆ ಶುರು ಮಾಡಿದ್ದೇನೆ. ಹೆಸರು ಹಾಕುವುದು ಬೇಡ ಅಂತ ಮನೆಯವರು ಹೇಳಿದ್ದಾರೆ, ಆ ಮಾತು ಉಳಿಸೋಣ. ಕಾರವಾರ, ಅಂಕೋಲೆ ಕಡೆಯವರಿಗೆ ಯಾರು ಅಂತ ಗೊತ್ತಾಗಿಯೇ ಆಗುತ್ತದೆ.

ನನಗೆ ಗೊತ್ತಿರುವುದನ್ನು ಮೊದಲು ಹೇಳುತ್ತೇನೆ. ಅವರು ಹುಟ್ಟಿದ್ದು ಅಂಕೋಲೆ ತಾಲೂಕಿನ ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಬದಿಯ ಊರಿನಲ್ಲಿ. ಅಪ್ಪ ಚಾಲಗೇಣಿ ಒಕ್ಕಲು. ಗೊತ್ತಿಲ್ಲದವರಿಗೆ ಹೇಳಬೇಕಂದರೆ, ಮೂಲಗೇಣಿಯವರಿಗೆ ಭೂಮಿ ಕಾಯಂ, ಗೇಣಿ ಕೊಡುತ್ತಾ ಇದ್ದರಾಯಿತು. ಚಾಲಗೇಣಿಯವರು ಒಡೆಯರು ಬಿಡು ಅಂದ ದಿನ ಬಿಡಬೇಕು. ಸುಗ್ಗಿ ಮುಗಿದ ಮೇಲೆ ಒಡೆಯರ ಮನೆಗೆ ಭತ್ತ ಅಳೆದು ಕೊಟ್ಟು, ಉಳಿದದ್ದರಲ್ಲಿ ಮನೆ ನಡೆಯಬೇಕು. ಅಂಥ ಮನೆಯ ಹುಡುಗ ಹೈಸ್ಕೂಲು ಮುಟ್ಟಿದ್ದೇ ದೊಡ್ಡದು. ದಿನಕರ ದೇಸಾಯಿಯವರು 1953 ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹಳ್ಳಿ ಹಳ್ಳಿಗೆ ಹೈಸ್ಕೂಲು ತರದಿದ್ದರೆ ತಾನು ಕಾಗೆ ಓಡಿಸಿಕೊಂಡು ಗದ್ದೆಯಲ್ಲೇ ಇರುತ್ತಿದ್ದೆ ಅಂತ ಸಾಹೇಬರೇ ಹೇಳುತ್ತಿದ್ದರು. ಆಮೇಲೆ ಬೆಳಗಾವಿಯ ರಾಜಾ ಲಖಮಗೌಡ ಕಾಲೇಜಿನಲ್ಲಿ ಕಾನೂನು. ಅರವತ್ತರ ದಶಕದಲ್ಲಿ ಕಾರವಾರಕ್ಕೆ ಬಂದು ಒಬ್ಬ ಹಿರಿಯರ ಕೈಕೆಳಗೆ ಸೇರಿದರು.

ಆಗಿನ ಕಾರವಾರ ಕೋರ್ಟು ಹೇಗಿತ್ತು ಅಂತ ಅವರ ಬಾಯಲ್ಲಿ ಕೇಳಬೇಕಿತ್ತು. ನಮ್ಮ ಜಿಲ್ಲೆ 1956 ರವರೆಗೆ ಮುಂಬಯಿ ರಾಜ್ಯದಲ್ಲಿತ್ತು, ಅಲ್ವಾ. ಹಳೇ ವಕೀಲರೆಲ್ಲ ಮುಂಬಯಿ ಹೈಕೋರ್ಟಿನ ರೀತಿ ರಿವಾಜಿನವರು. ಇಂಗ್ಲಿಷಿನಲ್ಲಿ ದಾವೆ ಬರೆಸುವುದು, ಕೊಂಕಣಿಯಲ್ಲಿ ಗುಮಾಸ್ತನಿಗೆ ಹೇಳುವುದು, ಪಕ್ಷಗಾರ ಕನ್ನಡದಲ್ಲಿ ತಲೆ ಅಲ್ಲಾಡಿಸುವುದು. ತನ್ನ ಪರವಾಗಿ ಏನು ಬರೆದಿದ್ದಾರೆ ಅಂತ ಅವನಿಗೆ ಗೊತ್ತೇ ಇರುತ್ತಿರಲಿಲ್ಲ. ಸಾಹೇಬರು ಸ್ವಂತ ಆಫೀಸು ಹಾಕಿದ ಮೇಲೆ ಮಾಡಿದ ಮೊದಲ ಬದಲಾವಣೆ ಇದೇ. ಸಹಿ ಹಾಕಿಸುವ ಮೊದಲು ಇಡೀ ಕಾಗದವನ್ನು ಕನ್ನಡದಲ್ಲಿ ಓದಿ ಹೇಳುತ್ತಿದ್ದರು. ಅರ್ಥವಾಯಿತಾ ಅಂತ ಕೇಳಿ, ಹೂಂ ಅಂದರೆ ಬಿಡುತ್ತಿರಲಿಲ್ಲ. ಏನು ಅರ್ಥವಾಯಿತು ಹೇಳು ನೋಡೋಣ ಅನ್ನುತ್ತಿದ್ದರು.

ಅವರ ಬದುಕೆಲ್ಲಾ ಹೋದದ್ದು ಮುದ್ದತ್ತು ಕಾಯುವುದರಲ್ಲಿ. ಯಾವ ಅರ್ಜಿಗೆ ಯಾವ ತಾರೀಖು ಕೊನೆ, ಅದರೊಳಗೆ ಯಾರ್ಯಾರ ಕಾಗದ ಒಳಗೆ ಹೋಗಬೇಕು, ಅದೇ ಅವರ ತಲೆಯಲ್ಲಿ. ಇವತ್ತು ನಮ್ಮ ಕಡೆ ಎಷ್ಟೋ ಮನೆಗಳ ಭೂಮಿ ಉಳಿದಿರುವುದು ಅದರಿಂದ. ಉಳಿದದ್ದು ನೀವು ಸೇರಿಸಿ. ಹೊಗಳಿಕೆ ಒಂದೇ ಬೇಡ, ಭಿನ್ನಾಭಿಪ್ರಾಯ ಇದ್ದವರೂ ಬರೆಯಿರಿ.

ಅಂಕೋಲೆ ಮೇಷ್ಟ್ರು (ನಿವೃತ್ತ)

ತಮ್ಮಾ, ಒಳ್ಳೇ ಕೆಲಸ ಮಾಡಿದೆ. ನಾನು ಏಳು ನಂಬರ್ ಫಾರ್ಮಿನ ಕಾಲದ ಬಗ್ಗೆ ಬರೆಯುತ್ತೇನೆ. ಈಗಿನ ಹುಡುಗರಿಗೆ ಅದು ಗೊತ್ತಿಲ್ಲ, ಗೊತ್ತಿಲ್ಲದೆ ಸಾಹೇಬರು ಅರ್ಥವಾಗುವುದಿಲ್ಲ.

ದೇವರಾಜ ಅರಸರ ಸರ್ಕಾರ ಭೂಸುಧಾರಣೆ ಕಾಯಿದೆಗೆ ತಿದ್ದುಪಡಿ ತಂದು, 1974 ರ ಮಾರ್ಚ್ 1 ರಿಂದ ಗೇಣಿ ಭೂಮಿಯೆಲ್ಲ ಸರ್ಕಾರದ್ದು, ಉಳುವವನು ಅರ್ಜಿ ಹಾಕಿದರೆ ಅವನ ಹೆಸರಿಗೆ ಅಂತ ಆಯಿತು. ಕೇಳಲಿಕ್ಕೆ ಚೆನ್ನಾಗಿದೆ. ಆದರೆ ಅರ್ಜಿ ಹಾಕಬೇಕಲ್ಲ. ನಮೂನೆ 7 ತುಂಬಬೇಕು, ಸರ್ವೆ ನಂಬರು ಬರೆಯಬೇಕು, ಎಕರೆ ಗುಂಟೆ ಬರೆಯಬೇಕು. ತಾತನ ಕಾಲದಿಂದ ಉಳುತ್ತಿರುವ ಗದ್ದೆಯ ಸರ್ವೆ ನಂಬರು ಒಕ್ಕಲಿಗೆ ಎಲ್ಲಿಂದ ಗೊತ್ತು? ಗದ್ದೆಗೆ ಅವರು ಇಟ್ಟುಕೊಂಡ ಹೆಸರೇ ಬೇರೆ. ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಎಷ್ಟೋ ಜನರ ಹೆಸರೇ ಇರಲಿಲ್ಲ. ಗೇಣಿ ಕೊಟ್ಟದ್ದಕ್ಕೆ ಚೀಟಿ ಕೊಡುವ ಒಡೆಯರು ಕಡಿಮೆ. ಅದರ ಮೇಲೆ ಹೆದರಿಕೆ. ಒಡೆಯರ ಮನೆಯ ಮದುವೆಗೆ ಹೋಗಿ ಉಂಡವರು, ಕಷ್ಟಕ್ಕೆ ಅಲ್ಲಿಂದ ಸಾಲ ತಂದವರು, ಅವರ ವಿರುದ್ಧ ಅರ್ಜಿ ಹಾಕುವುದು ಹೇಗೆ ಅಂತ ಹಿಂಜರಿದವರು ಬಹಳ.

ಇನ್ನೊಂದು ಮಾತು. ಆ ಕಾಯಿದೆಯ 48 ನೇ ಕಲಮಿನಲ್ಲಿ ಭೂನ್ಯಾಯಮಂಡಳಿಯ ಎದುರು ವಕೀಲರು ಬರಲೇಬಾರದು ಅಂತ ಇತ್ತು. ಮಂಡಳಿಯಲ್ಲಿ ಅಸಿಸ್ಟೆಂಟ್ ಕಮಿಷನರು ಮತ್ತು ಸರ್ಕಾರ ನೇಮಿಸಿದ ಸದಸ್ಯರು. ಒಕ್ಕಲು ತಾನೇ ಹೋಗಿ ಮಾತಾಡಬೇಕು. ಬಡವನಿಗೆ ವಕೀಲರ ಖರ್ಚು ಬೇಡ ಅನ್ನುವ ಒಳ್ಳೇ ಉದ್ದೇಶ ಇರಬಹುದು, ಆದರೆ ಓದು ಬಲ್ಲ ಒಡೆಯನ ಎದುರು ಹೆಬ್ಬೆಟ್ಟಿನ ಒಕ್ಕಲು ನಿಂತು ಏನು ಮಾತಾಡುತ್ತಾನೆ? ಕೊನೆಗೆ ಆ ನಿರ್ಬಂಧ ನಿಲ್ಲುವುದಿಲ್ಲ ಅಂತ 1987 ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ಅಷ್ಟರಲ್ಲಿ ನಮ್ಮ ಕಡೆ ಜಾಸ್ತಿ ಪ್ರಕರಣ ಮುಗಿದೇ ಹೋಗಿದ್ದವು.

ಸಾಹೇಬರು ಏನು ಮಾಡಿದರು ಅಂದರೆ, ಒಳಗೆ ಹೋಗಲು ಬಿಡದಿದ್ದರೆ ಹೊರಗೆ ಕೂತರು. ಭಾನುವಾರ ನಮ್ಮ ಶಾಲೆಯ ಜಗಲಿಯಲ್ಲಿ ಬೆಂಚು ಹಾಕಿ, ನಮ್ಮಿಬ್ಬರು ಮಾಸ್ತರರನ್ನು ಬರೆಯಲು ಕೂರಿಸಿಕೊಂಡು ಫಾರ್ಮು ತುಂಬಿಸಿದರು. ಮೊದಲು ಉತಾರ ತೆಗೆಸು, ಇಲ್ಲದಿದ್ದರೆ ಪಕ್ಕದ ಗದ್ದೆಯವನನ್ನು ಕರೆದುಕೊಂಡು ಬಾ. ಅವನ ಹೇಳಿಕೆ ಬೇಕು, ಇವನೇ ಉಳುತ್ತಿದ್ದ ಅಂತ ಹೇಳುವವನು ಅವನೊಬ್ಬನೇ. ಆಮೇಲೆ ಹೇಗೆ ಉತ್ತರ ಕೊಡಬೇಕು ಅಂತ ಹೇಳಿಕೊಡುತ್ತಿದ್ದರು. ಸುಳ್ಳು ಹೇಳಿಕೊಡುತ್ತಿರಲಿಲ್ಲ, ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಬ್ಬ ತಾನು ಉಳದ ಗದ್ದೆಯನ್ನೂ ಸೇರಿಸಿ ಬರೆಸಲು ಬಂದಾಗ ಫಾರ್ಮು ಮಡಚಿ ವಾಪಸ್ ಕೊಟ್ಟರು.

1979 ರ ಜೂನ್ 30 ಕೊನೆಯ ದಿನ. ಆ ಮಳೆಗಾಲದ ಶುರುವಿನಲ್ಲಿ ಗಂಗಾವಳಿ ದಾಟಿ, ದೋಣಿಯಲ್ಲಿ, ನಡೆದು, ಊರೂರಿಗೆ ಹೋಗಿ ಇನ್ನೂ ಹಾಕದವರು ಯಾರಿದ್ದೀರಿ ಅಂತ ಕೇಳಿಕೊಂಡು ಬಂದರು. ಹಾಲಕ್ಕಿ ಒಕ್ಕಲಿಗರ ಕೊಪ್ಪಗಳಲ್ಲಿ (ಕೇರಿಗಳಲ್ಲಿ) ಜಗಲಿ ಮೇಲೆ ಕೂತು ಬರೆದದ್ದಿದೆ. ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಅದು ಪೂರ್ತಿ ಸರಿಯಲ್ಲ. ಸ್ಟಾಂಪು, ನಕಲಿನ ಖರ್ಚು ಕೊಡಲೇಬೇಕಿತ್ತು. ಪುಕ್ಕಟೆ ಆದರೆ ಕಾಗದ ಜೋಪಾನ ಮಾಡುವುದಿಲ್ಲ ಅನ್ನುತ್ತಿದ್ದರು.

ಭೂಮಿ ಹೆಸರಿಗೆ ಆದವರಿಗೆಲ್ಲ ಒಂದೇ ತಾಕೀತು. ಹದಿನೈದು ವರ್ಷ ಮಾರುವಂತಿಲ್ಲ, ಯಾರಾದರೂ ಬಂದು ಬಾಂಡ್ ಪೇಪರಿನ ಮೇಲೆ ಸಹಿ ಕೇಳಿದರೆ ನನ್ನ ಹತ್ತಿರ ಬಾ. ಕೇಳದೆ ಮಾರಿಕೊಂಡವರೂ ಇದ್ದಾರೆ. ಅವರ ಮಕ್ಕಳು ಇವತ್ತು ಗೋವೆಯಲ್ಲಿ ಕೂಲಿಗೆ.

ಹೊನ್ನಾವರ ಭಟ್ಟ

ಮೇಷ್ಟ್ರೇ, ನಮಸ್ಕಾರ. ನಾವು ಭೂಮಿ ಕಳೆದುಕೊಂಡ ಕಡೆಯವರು. ನಮ್ಮ ಅಜ್ಜಿ ಚಿಕ್ಕ ವಯಸ್ಸಿನಲ್ಲೇ ವಿಧವೆಯಾದವರು. ಇದ್ದದ್ದು ಒಂದೂವರೆ ಎಕರೆ, ಗೇಣಿಗೆ ಕೊಟ್ಟಿದ್ದರು, ಅದರಲ್ಲೇ ಮಕ್ಕಳನ್ನು ಸಾಕಿದ್ದು. 1974 ರಲ್ಲಿ ಸೈನಿಕರಿಗೆ, ಹಡಗಿನ ಕೆಲಸದವರಿಗೆ ವಿನಾಯಿತಿ ಉಳಿಯಿತು, ವಿಧವೆಯರಿಗೆ ಉಳಿಯಲಿಲ್ಲ. ಒಡೆಯರು ಅಂದ ಕೂಡಲೇ ದೊಡ್ಡ ಮನೆ, ಹತ್ತು ಕಣಜ ಅಂತ ತಿಳಿಯಬೇಡಿ.

ಅಜ್ಜಿಯ ಕೇಸನ್ನು ನೋಡಿದ್ದೂ ಇದೇ ವಕೀಲ್ ಸಾಹೇಬರು ಅಂತ ಹೇಳಲಿಕ್ಕೆ ಇಷ್ಟು ಬರೆದೆ. ಉಳಿಸಿಕೊಡುತ್ತೇನೆ ಅಂತ ಅವರು ಹೇಳಲಿಲ್ಲ. ಕಾಯಿದೆ ನಿಮ್ಮ ಪರ ಇಲ್ಲ ಅಮ್ಮಾ, ಭೂಮಿ ಹೋಗುತ್ತದೆ, ಆದರೆ ಮನೆ ಮತ್ತು ಹಿತ್ತಲು ಆ ಲೆಕ್ಕದಲ್ಲಿ ಸೇರದ ಹಾಗೆ ನೋಡಿಕೊಳ್ಳೋಣ, ಪರಿಹಾರದ ಹಣ ಬಿಡದೆ ತೆಗೆಸೋಣ ಅಂದರು. ಹಾಗೇ ಆಯಿತು. ಬೇರೆ ವಕೀಲರು ಹತ್ತು ವರ್ಷ ಎಳೆಯುವ ಆಸೆ ತೋರಿಸಿದ್ದರಂತೆ. ಅಜ್ಜಿಗೆ ಕೊನೆಯವರೆಗೆ ಸಿಟ್ಟು ಹೋಗಲಿಲ್ಲ, ಕಾಯಿದೆಯ ಮೇಲೆ. ಸಾಹೇಬರ ಮೇಲೆ ಇರಲಿಲ್ಲ.

ಚೆಂಡಿಯೆ ನಿರಾಶ್ರಿತ

ಸೀಬರ್ಡ್ ನೌಕಾನೆಲೆ ಯೋಜನೆಯ ಬಗ್ಗೆ ಯಾರೂ ಬರೆದಿಲ್ಲ, ಹಾಗಾಗಿ ನಾನು ಬರೆಯುತ್ತೇನೆ. ಉದ್ದವಾಗುತ್ತದೆ.

1986 ರ ಅಕ್ಟೋಬರಿನಲ್ಲಿ ರಾಜೀವ್ ಗಾಂಧಿ ಬಂದು ನೌಕಾನೆಲೆಗೆ ಅಡಿಗಲ್ಲು ಹಾಕಿದರು. ಅರಗಾ, ಚೆಂಡಿಯೆ ಕಡೆಯಿಂದ ಅಂಕೋಲೆ ತಾಲೂಕಿನ ಹಾರವಾಡ, ಅವರ್ಸಾ ಕಡೆಯವರೆಗೆ ಕರಾವಳಿ ಪಟ್ಟಿ ಹೋಯಿತು. ಗದ್ದೆ ಹೋಯಿತು, ತೆಂಗಿನ ತೋಟ ಹೋಯಿತು, ದೋಣಿ ಎಳೆದು ಇಡುವ ದಂಡೆ ಹೋಯಿತು. ದೇವಸ್ಥಾನದ ಬನ ಹೋಯಿತು. ದೇಶದ ರಕ್ಷಣೆಗೆ ಅಂದಾಗ ಬೇಡ ಅನ್ನಲಿಕ್ಕೆ ಯಾರಿಗೂ ಬಾಯಿ ಬರಲಿಲ್ಲ. ಅನ್ನಲೂ ಇಲ್ಲ. ಕೇಳಿದ್ದು ಬೆಲೆ ಮಾತ್ರ.

ನೋಡಿ, ಹಳೇ 1894 ರ ಭೂಸ್ವಾಧೀನ ಕಾಯಿದೆಯಲ್ಲಿ ಒಂದು ಸೂಕ್ಷ್ಮ ಇತ್ತು. ಪರಿಹಾರದ ಹಣ ತೆಗೆದುಕೊಳ್ಳುವಾಗ ಸುಮ್ನೆ ಸಹಿ ಹಾಕಿದರೆ, ಆ ಬೆಲೆ ನಿಮಗೆ ಒಪ್ಪಿಗೆ ಅಂತ ಅರ್ಥ. ಆಮೇಲೆ 18 ನೇ ಕಲಮಿನಲ್ಲಿ ಕೋರ್ಟಿಗೆ ಕಳಿಸಿ ಅಂತ ಕೇಳುವ ಹಾಗಿಲ್ಲ. 'ಆಕ್ಷೇಪಣೆಗೆ ಒಳಪಟ್ಟು ಸ್ವೀಕರಿಸಿದ್ದೇನೆ' ಅಂತ ಬರೆದು ಸಹಿ ಹಾಕಬೇಕು. ನೋಟಿಸು ಕೈಗೆ ಬಂದ 90 ದಿನದೊಳಗೆ ಅರ್ಜಿ ಕೊಡಬೇಕು. ಇದನ್ನು ನಮಗೆ ಯಾವ ಕಚೇರಿಯವರೂ ಹೇಳಲಿಲ್ಲ. ಹೇಳಿದ್ದು ಸಾಹೇಬರು. ದೇವಸ್ಥಾನದ ಎದುರು ಸಭೆ ಸೇರಿಸಿ, ಆ ಸಾಲನ್ನು ದೊಡ್ಡ ಅಕ್ಷರದಲ್ಲಿ ಬರೆದು ಮನೆಗೆ ಒಂದೊಂದು ಚೀಟಿ ಹಂಚಿದರು. ಓದು ಬಾರದ ಹೆಂಗಸರು ಆ ಚೀಟಿಯನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ, ಇದನ್ನು ನನ್ನ ಹೆಸರಿನ ಮೇಲೆ ಬರೆದುಕೊಡಿ ಅಂತ ಗುಮಾಸ್ತರಿಗೆ ತೋರಿಸಿದರು.

ಆದರೂ ಎಷ್ಟೋ ಜನ ತಪ್ಪಿಹೋದರು. ಮುಂಬಯಿಗೆ ಹೋದವರು, ಗೋವೆಯಲ್ಲಿ ದುಡಿಯುತ್ತಿದ್ದವರು, ಅಣ್ಣತಮ್ಮಂದಿರ ಜಗಳದಲ್ಲಿ ಯಾರ ಹೆಸರಿಗೆ ಅಂತ ತೀರ್ಮಾನವಾಗದೆ ಕೂತವರು. ಕೆಲವರ ಕೇಸಿನಲ್ಲಿ ಕೋರ್ಟು ಬೆಲೆ ಏರಿಸಿದಾಗ ಇವರೆಲ್ಲ ತಲೆ ಮೇಲೆ ಕೈ ಹೊತ್ತು ಕೂತರು. ಆಗ ಬಂದದ್ದು 28ಎ. 1984 ರ ತಿದ್ದುಪಡಿಯಲ್ಲಿ ಸೇರಿಸಿದ ಕಲಮು ಅದು. ಅದೇ ಅಧಿಸೂಚನೆಯಲ್ಲಿ ಭೂಮಿ ಹೋದ ಪಕ್ಕದವನಿಗೆ ಕೋರ್ಟು ಜಾಸ್ತಿ ಕೊಟ್ಟರೆ, ಕೋರ್ಟಿಗೆ ಹೋಗದವನೂ ಮೂರು ತಿಂಗಳೊಳಗೆ ಅರ್ಜಿ ಕೊಟ್ಟು ಅದೇ ದರ ಕೇಳಬಹುದಿತ್ತು. ಮೂರೇ ತಿಂಗಳು. ತೀರ್ಪು ಬಂದ ಸುದ್ದಿ ಊರಿಗೆ ಮುಟ್ಟುವುದರೊಳಗೆ ಅದು ಮುಗಿದುಹೋಗುತ್ತಿತ್ತು. ಸಾಹೇಬರ ಗುಮಾಸ್ತರು ಅವಾರ್ಡಿನ (ಪರಿಹಾರ ಆದೇಶದ) ಪಟ್ಟಿ ಹಿಡಿದು ಯಾರ್ಯಾರು ಬಾಕಿ ಅಂತ ಗುರುತು ಹಾಕಿ, ಮುಂಬಯಿ ವಿಳಾಸ ಹುಡುಕಿ ಕಾರ್ಡು ಬರೆದರು. ನನ್ನ ದೊಡ್ಡಪ್ಪನಿಗೆ ಪರೇಲಿನ ಚಾಳಿಗೆ ಅಂಥದ್ದೊಂದು ಕಾರ್ಡು ಹೋಗಿತ್ತು. ಅವರು ಸಾಹೇಬರ ಪಕ್ಷಗಾರರೂ ಅಲ್ಲ, ಪರಿಚಯವೂ ಇಲ್ಲ.

ಇದೇ ಸೀಬರ್ಡ್ ಯೋಜನೆಯ ಕದಂಬ ನೌಕಾನೆಲೆ 2005 ರಲ್ಲಿ ಶುರುವಾಯಿತು. 28ಎ ಹಣಕ್ಕೆ ಜನ ಅದಾದ ಮೇಲೂ ವರ್ಷಗಟ್ಟಲೆ ಕಾದರು. ಹೈಕೋರ್ಟಿಗೆ ಅಂದರೆ ಬೆಂಗಳೂರಿಗೆ ರಾತ್ರಿ ಬಸ್ಸು. ಧಾರವಾಡದಲ್ಲಿ ಸಂಚಾರಿ ಪೀಠ ಬಂದದ್ದೇ 2008 ರಲ್ಲಿ. ನಿರಾಶ್ರಿತ ಮುದುಕರು ಮೊಣಕಾಲು ನೋವಿನಲ್ಲಿ ಅಷ್ಟು ದೂರ ಹೋಗುವುದು ಬೇಡ ಅಂತ ಸಾಹೇಬರೇ ಫೈಲು ಹೊತ್ತು ಹೋಗಿ ಬರುತ್ತಿದ್ದರು. ಆಗ ಅವರಿಗೂ ವಯಸ್ಸಾಗಿತ್ತು.

ಸದಾಶಿವಗಡದವಳು

ಎಲ್ಲವನ್ನೂ ಓದಿದೆ. ಸುಳ್ಳು ಯಾವುದೂ ಇಲ್ಲ. ಆದರೂ ಒಂದು ವಿಷಯ ಬರೆಯಲೇಬೇಕು, ಮೊದಲ ಪೋಸ್ಟಿನಲ್ಲಿ ಬರೆಯಿರಿ ಅಂತಲೂ ಇದೆ.

ನಮ್ಮ ತಾಯಿ ಮತ್ತು ಇಬ್ಬರು ಚಿಕ್ಕಮ್ಮಂದಿರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದ್ದು ಇದೇ ಸಾಹೇಬರ ಆಫೀಸಿನಲ್ಲಿ. ಎಂಬತ್ತರ ದಶಕ. ಅಜ್ಜ ತೀರಿಕೊಂಡಿದ್ದರು. ಮಾವಂದಿರು ಕರೆದುಕೊಂಡು ಹೋದರು, ಎಲ್ಲರಿಗೂ ಹೊಸ ಸೀರೆ ಕೊಡಿಸಿದರು. ಸಾಹೇಬರು ಪದ್ಧತಿ ಪ್ರಕಾರ ಕನ್ನಡದಲ್ಲಿ ಓದಿ ಹೇಳಿದರು. ತಾಯಿಗೆ ಅರ್ಥವೂ ಆಯಿತು. ಏನು ಅರ್ಥವಾಯಿತು ಹೇಳು ಅಂತ ಕೇಳಿದಾಗ, ನನ್ನ ಪಾಲು ಅಣ್ಣನಿಗೆ ಬಿಟ್ಟುಕೊಡುತ್ತಿದ್ದೇನೆ ಅಂತ ಸರಿಯಾಗಿಯೇ ಹೇಳಿದಳು. ಎದುರಿಗೆ ಅಣ್ಣಂದಿರು ಕೂತಿದ್ದಾರೆ. ಇಲ್ಲ ಅಂದರೆ ನಾಳೆಯಿಂದ ತವರಿನ ಬಾಗಿಲು ಮುಚ್ಚುತ್ತದೆ. ಚೌತಿಗೆ ಕರೆಯುವವರಿಲ್ಲ, ಬಾಣಂತನಕ್ಕೆ ಹೋಗಲು ಮನೆಯಿಲ್ಲ. ಆ ಸ್ಥಿತಿಯಲ್ಲಿ ಹೂಂ ಅಂದದ್ದಕ್ಕೆ ಒಪ್ಪಿಗೆ ಅನ್ನುತ್ತಾರಾ?

1956 ರ ಕಾಯಿದೆಯಲ್ಲೇ ಅಪ್ಪನ ಪಾಲಿನಲ್ಲಿ ಹೆಣ್ಣುಮಕ್ಕಳಿಗೆ ಪಾಲು ಇತ್ತು. ಸಾಹೇಬರಿಗೆ ಇದು ಗೊತ್ತಿರಲಿಲ್ಲವಾ? ಒಕ್ಕಲಿನ ಹೆದರಿಕೆ ಅವರಿಗೆ ಕಂಡಿತು. ಒಡೆಯನ ಎದುರು ಒಕ್ಕಲು ಬಾಯಿ ಬಿಡಲಾರ ಅಂತ ಗೊತ್ತಿತ್ತು. ಅಣ್ಣನ ಎದುರು ತಂಗಿ ಬಾಯಿ ಬಿಡಲಾರಳು ಅನ್ನುವುದು ಯಾಕೆ ಕಾಣಲಿಲ್ಲ? ಅಪ್ಪ ತೀರಿಕೊಂಡ ಮೇಲೆ ನನ್ನ ತಾಯಿ ಇಪ್ಪತ್ತು ವರ್ಷ ಬಾಡಿಗೆ ಮನೆಯಲ್ಲಿದ್ದಳು. ಆ ಪಾಲಿನಲ್ಲಿ ಐದು ಗುಂಟೆ ಬಂದಿದ್ದರೂ ಒಂದು ಮನೆ ಆಗುತ್ತಿತ್ತು.

ಸಾಹೇಬರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ದೊಡ್ಡವರು ಅಂತ ಒಪ್ಪಿಕೊಂಡೇ ಈ ಪ್ರಶ್ನೆ ಕೇಳುತ್ತಿದ್ದೇನೆ.

ಕೋಡಿಬಾಗದವನು

ಅಕ್ಕಾ, ನೀವು ಬರೆದದ್ದು ಇಲ್ಲಿ ಇರಲೇಬೇಕು. ಯಾರೂ ಇದರ ಮೇಲೆ ಜಗಳಕ್ಕೆ ಬರಬೇಡಿ ಅಂತ ಕೇಳಿಕೊಳ್ಳುತ್ತೇನೆ.

ಸಾಹೇಬರ ಕಿರಿಯ ವಕೀಲೆ

ನಾನು ಅವರ ಆಫೀಸಿನಲ್ಲಿ ಕಲಿತವಳು, ಈಗ ಧಾರವಾಡದಲ್ಲಿ ವಕೀಲಿ ಮಾಡುತ್ತಿದ್ದೇನೆ. ಸದಾಶಿವಗಡದ ಅಕ್ಕನ ಮಾತು ಸರಿ. ಅಂಥ ಪತ್ರಗಳು ಅಲ್ಲಿ ಬಹಳ ಆಗಿವೆ. ನಾನೇ ಹಳೇ ಫೈಲುಗಳಲ್ಲಿ ನೋಡಿದ್ದೇನೆ. ಆ ಕಾಲದಲ್ಲಿ ಕಾರವಾರದ ಎಲ್ಲಾ ಆಫೀಸುಗಳಲ್ಲೂ ಆಗುತ್ತಿತ್ತು, ಆದರೆ ಅದು ಉತ್ತರ ಅಲ್ಲ.

ನಾನು ಸೇರಿದ್ದು 1994 ರ ನಂತರ. ಆ ವರ್ಷದ ಜುಲೈ 30 ರಿಂದ ನಮ್ಮ ರಾಜ್ಯದಲ್ಲಿ, ಅದಕ್ಕಿಂತ ಮೊದಲು ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಬಂದಿತ್ತು. ನಾನು ಕಂಡ ಪದ್ಧತಿ ಏನೆಂದರೆ, ಹಕ್ಕು ಬಿಡುಗಡೆ ಪತ್ರಕ್ಕೆ ಬಂದ ಕುಟುಂಬವನ್ನು ಹೊರಗೆ ಕೂರಿಸುವುದು. ತಂಗಿ ಒಬ್ಬಳನ್ನೇ ಒಳಗೆ ಕರೆದು ನನ್ನ ಜೊತೆ ಬಿಡುವುದು, ಸಾಹೇಬರು ಎದ್ದು ಹೊರಗೆ ಹೋಗುವುದು. ನಾನು ಅವಳಿಗೆ ಪಾಲು ಎಷ್ಟಾಗುತ್ತದೆ, ಇವತ್ತಿನ ಬೆಲೆ ಎಷ್ಟು ಅಂತ ಲೆಕ್ಕ ಬರೆದು ತೋರಿಸಬೇಕು. ಅವಳು ಯೋಚಿಸುತ್ತೇನೆ ಅಂದರೆ ಅವತ್ತು ಪತ್ರ ಇಲ್ಲ. ಅಣ್ಣಂದಿರಿಗೆ ಕಾರಣ ಹೇಳುತ್ತಿದ್ದದ್ದು ಸಾಹೇಬರೇ, ಉತಾರದಲ್ಲಿ ದೋಷ ಇದೆ, ಮುಂದಿನ ವಾರ ಬನ್ನಿ ಅಂತ. ಹುಡುಗಿಯ ಮೇಲೆ ಸಿಟ್ಟು ಬರಬಾರದಲ್ಲ. ಇದರಿಂದ ಕೆಲವು ಪಕ್ಷಗಾರರು ಬೇರೆ ಆಫೀಸಿಗೆ ಹೋದರು. ಅವರ ಸ್ವಂತ ಸಂಬಂಧಿಕರೂ ಹೋದರು.

ಯಾಕೆ ಈ ಬದಲಾವಣೆ ಅಂತ ನಾನು ಒಮ್ಮೆ ಕೇಳಿದ್ದೆ. ಹಳೇ ಪತ್ರಕ್ಕೆ ಸಹಿ ಹಾಕಿದ ಒಬ್ಬ ಹೆಂಗಸು ಮಕ್ಕಳ ಜೊತೆ ಬಂದು, ನನ್ನದು ಏನಾದರೂ ಉಳಿದಿದೆಯಾ ನೋಡಿ ಅಂತ ಕೇಳಿದ್ದಳಂತೆ. ಏನೂ ಉಳಿದಿರಲಿಲ್ಲ. ಅಷ್ಟೇ ಹೇಳಿದರು, ಹೆಚ್ಚು ಮಾತಾಡಲಿಲ್ಲ. ಇದು ನಿಮ್ಮ ತಾಯಿಗೆ ಏನೂ ತಂದುಕೊಡುವುದಿಲ್ಲ, ಗೊತ್ತು. ನಡೆದದ್ದನ್ನು ಬರೆದಿದ್ದೇನೆ.

ಆಫೀಸಿನ ಬಗ್ಗೆ ಒಂದೆರಡು ಮಾತು. ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆಯುತ್ತಿತ್ತು. ಗೋಡೆಗೆ ಎರಡು ಕ್ಯಾಲೆಂಡರು, ಒಂದರಲ್ಲಿ ಕೋರ್ಟಿನ ತಾರೀಖು, ಇನ್ನೊಂದರಲ್ಲಿ ಮುದ್ದತ್ತು ಮುಗಿಯುವ ದಿನಗಳು. ಎರಡನೆಯದನ್ನು ಅವರೇ ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು, ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಕೇಸಿನ ತಾರೀಖು ತಪ್ಪಿದರೆ ಜಡ್ಜರ ಹತ್ತಿರ ಕೈಮುಗಿದು ಇನ್ನೊಂದು ತಗೊಳ್ಳಬಹುದು, ಮುದ್ದತ್ತು ತಪ್ಪಿದರೆ ಕೈಮುಗಿಯಲಿಕ್ಕೆ ಎದುರಿಗೆ ಯಾರೂ ಇರುವುದಿಲ್ಲ ಅಂತ ನನಗೆ ಮೊದಲ ದಿನವೇ ಹೇಳಿದ್ದರು.

ಬೈತಖೋಲ ಖಾರ್ವಿ

ನಮ್ಮ ಮೀನುಗಾರರ ಕಡೆಯಿಂದಲೂ ಸ್ವಲ್ಪ. ಎಪ್ಪತ್ತರ ದಶಕದ ಕೊನೆಗೆ ಪರ್ಸೀನ್ ಬೋಟು (ದೊಡ್ಡ ಸುತ್ತುಬಲೆಯ ಯಾಂತ್ರಿಕ ಬೋಟು) ಬಂದು ರಂಪಣಿ ಮುಗಿಯಿತು. ರಂಪಣಿ ಅಂದರೆ ಊರಿಗೆ ಊರೇ ದಂಡೆಯಲ್ಲಿ ನಿಂತು ಬಲೆ ಎಳೆದು, ಎಲ್ಲರಿಗೂ ಪಾಲು. ಪರ್ಸೀನಿಗೆ ಬಂಡವಾಳ ಬೇಕು. ನಮ್ಮವರಲ್ಲೇ ಕೆಲವರು ಬೋಟು ಮಾಡಿದರು, ಉಳಿದವರು ಅವರ ಮೇಲೆ ಕತ್ತಿ ಹಿಡಿದರು. ಬಲೆ ಸುಟ್ಟ, ಹೊಡೆದಾಡಿದ ಕೇಸುಗಳು ಎರಡೂ ಕಡೆಯ ಮೇಲೆ.

ಸಾಹೇಬರು ಎರಡೂ ಕಡೆಯ ಹಿರಿಯರನ್ನು ಕೂರಿಸಿ ಮಾತಾಡಿಸಿದರು. ಒಂದೇ ದಿನದಲ್ಲಿ ಆಗಲಿಲ್ಲ, ಆ ಮಳೆಗಾಲ ಪೂರ್ತಿ ಹೋಯಿತು. ಮೀನು ಹಿಡಿಯುವುದು ನಿಂತಿದ್ದರಿಂದ ಜನ ಸಿಗುತ್ತಿದ್ದರು. ಬೋಟಿನವರು ದಂಡೆಯ ಹತ್ತಿರ ಬರುವುದಿಲ್ಲ ಅಂತ, ರಂಪಣಿಯವರ ಹುಡುಗರಿಗೆ ಬೋಟಿನಲ್ಲಿ ಕೆಲಸ ಅಂತ ಒಪ್ಪಂದ ಆಯಿತು. ಒಪ್ಪಂದ ಎಲ್ಲಾ ವರ್ಷ ಉಳಿಯಲಿಲ್ಲ, ಅದೂ ನಿಜ. ಆದರೆ ಹೊಡೆದಾಟದ ಕೇಸು ರಾಜಿಯಾಗಿ ನಮ್ಮ ಹುಡುಗರು ಜೈಲಿಗೆ ಹೋಗುವುದು ತಪ್ಪಿತು. ಅವರು ನಮ್ಮ ಜಾತಿಯವರಲ್ಲ. ನಮ್ಮ ಮುಖಂಡರ ಮಾತಿಗಿಂತ ಅವರ ಮಾತು ನಮ್ಮಲ್ಲಿ ನಡೆಯುತ್ತಿತ್ತು, ಯಾಕೆಂದರೆ ಅವರಿಗೆ ನಮ್ಮ ಓಟು ಬೇಕಾಗಿರಲಿಲ್ಲ.

ಶಿರಸಿ ತೋಟಿಗ

ಘಟ್ಟದ ಮೇಲಿನವನು ನಾನು. ಅವರನ್ನು ನೋಡಿದ್ದು ಅರಣ್ಯ ಹಕ್ಕು ಕಾಯಿದೆ ಸಭೆಗಳಲ್ಲಿ. ನಮ್ಮಲ್ಲಿ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಹಕ್ಕು, 1978 ರ ಏಪ್ರಿಲ್ 27 ಕ್ಕೆ ಮೊದಲಿನ ಅತಿಕ್ರಮಣ, ಆಮೇಲಿನ ಅತಿಕ್ರಮಣ, ಇದೆಲ್ಲ ಗೋಜಲು ಎಲ್ಲರಿಗೂ ಗೊತ್ತು. 2006 ರ ಕಾಯಿದೆ ಬಂದಾಗ ಪರಿಶಿಷ್ಟ ಪಂಗಡದವರಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು ಅಂತ ಆಯಿತು. ಅಷ್ಟು ಹಿಂದಿನ ಕಾಗದ ಯಾರ ಹತ್ತಿರ ಇದೆ? ವೇದಿಕೆ ಮೇಲೆ ಎಲ್ಲರೂ ಭಾಷಣ ಮಾಡಿದರು. ಇವರು ಕಾಗದ ಇಲ್ಲದಿದ್ದರೂ ಊರಿನ ಹಿರಿಯರ ಲಿಖಿತ ಹೇಳಿಕೆ ಸಾಕ್ಷಿಯಾಗುತ್ತದೆ, ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಯಲ್ಲಿ ಅದನ್ನು ದಾಖಲು ಮಾಡಿಸಿ, ಮುದುಕರು ಇರುವಾಗಲೇ ಬರೆಸಿಕೊಳ್ಳಿ ಅಂತ ಹೇಳಿ ಕೂತರು. ಚಪ್ಪಾಳೆ ಬೀಳಲಿಲ್ಲ. ಆದರೆ ಉಪಯೋಗವಾದದ್ದು ಅದೇ ಮಾತು.

ನನ್ನದೊಂದು ತಕರಾರು ಇದೆ. ಇಷ್ಟು ಜನರ ವಿಶ್ವಾಸ ಇದ್ದವರು ಚುನಾವಣೆಗೆ ಯಾಕೆ ನಿಲ್ಲಲಿಲ್ಲ? ದಿನಕರ ದೇಸಾಯಿ 1967 ರಲ್ಲಿ ಪಕ್ಷೇತರರಾಗಿ ನಿಂತು ಇದೇ ಜಿಲ್ಲೆಯಿಂದ ಲೋಕಸಭೆಗೆ ಗೆದ್ದರಲ್ಲ. ಮೂರು ತಿಂಗಳ ಮುದ್ದತ್ತು ಕಾಯುವುದರ ಬದಲು, ಆ ಮೂರು ತಿಂಗಳನ್ನು ಒಂದು ವರ್ಷ ಮಾಡಿಸುವ ಜಾಗಕ್ಕೆ ಹೋಗಬಹುದಿತ್ತು. ಒಳ್ಳೆಯವರು ದೂರ ನಿಂತದ್ದರಿಂದಲೇ ಜಿಲ್ಲೆ ಹೀಗಾಗಿದೆ ಅಂತ ನನಗೆ ಅನಿಸುತ್ತದೆ.

ಕೋಡಿಬಾಗದವನು

ತೋಟಿಗರೇ, ಎರಡು ಪಕ್ಷದವರು ಟಿಕೆಟು ಹಿಡಿದು ಮನೆಗೆ ಬಂದಿದ್ದರು. ಇದು ನನಗೆ ಗೊತ್ತು, ನಮ್ಮ ಮಾವ ಅಲ್ಲೇ ಇದ್ದರು. ಗೆದ್ದರೆ ಅರ್ಧ ಜನ ನನ್ನ ಹತ್ತಿರ ಕೇಸು ತರುವುದಿಲ್ಲ, ಸೋತರೆ ಇನ್ನರ್ಧ ಜನ ತರುವುದಿಲ್ಲ ಅಂದರಂತೆ. ನನಗೆ ಅವರ ತೀರ್ಮಾನ ಸರಿ ಅನಿಸುತ್ತದೆ. ಕಾಯಿದೆ ಮಾಡುವವರು ನಮಗೆ ಸಿಗುತ್ತಲೇ ಇದ್ದಾರೆ. ಆದ ಕಾಯಿದೆಯನ್ನು ಹಾರವಾಡದ ಕೊನೇ ಮನೆಗೆ ಮುಟ್ಟಿಸುವವರು ಸಿಗುತ್ತಿಲ್ಲ.

ಸಮಾಜದ ಮುಖಂಡಿಕೆಯ ಬಗ್ಗೆ ಹೇಳುವುದಾದರೆ, ಅದು ಅವರಿಗೆ ಸುಖ ಕೊಟ್ಟದ್ದಲ್ಲ. ಸಮಾಜದ ವಿದ್ಯಾರ್ಥಿ ನಿಲಯಕ್ಕೆ ಬೇರೆ ಜಾತಿಯ ಬಡ ಹುಡುಗರನ್ನು ಸೇರಿಸಿಕೊಳ್ಳೋಣ ಅಂದಾಗ ವಾರ್ಷಿಕ ಸಭೆಯಲ್ಲಿ ಕುರ್ಚಿ ಹಾರಾಡಿತ್ತು. ಮುಂದಿನ ವರ್ಷ ಅಧ್ಯಕ್ಷಗಿರಿ ಹೋಯಿತು. ಅದರ ಮರುವರ್ಷ ಲೆಕ್ಕ ಸರಿಹೋಗದೆ ಅವರನ್ನೇ ಕರೆದು ತಂದರು. ಬರುತ್ತೇನೆ, ಮೊದಲು ಆ ಹುಡುಗರನ್ನು ಸೇರಿಸಿಕೊಳ್ಳಿ ಅಂದರು. ಸೇರಿಸಿಕೊಂಡರು. ಅಲ್ಲಿ ಓದಿದ ಒಬ್ಬರು ಈಗ ಡಾಕ್ಟರು, ನಮ್ಮ ತಾಯಿಗೆ ಔಷಧಿ ಕೊಡುವವರು ಅವರೇ.

ಸದಾಶಿವಗಡದವಳು

ಕಿರಿಯ ವಕೀಲೆಯವರಿಗೆ ಧನ್ಯವಾದ. ಸಾಹೇಬರು ಎದ್ದು ಹೊರಗೆ ಹೋಗುತ್ತಿದ್ದರು ಅನ್ನುವುದನ್ನು ತಾಯಿಗೆ ಓದಿ ಹೇಳಿದೆ. ನಮ್ಮ ಕಾಲಕ್ಕೆ ಯಾರೂ ಏಳಲಿಲ್ಲ ಅಂದಳು. ಪುಸ್ತಕ ಏನಾದರೂ ಮಾಡುವುದಾದರೆ ನನ್ನ ಮಾತನ್ನೂ ಹಾಕಿ, ತೆಗೆಯಬೇಡಿ.

ಬೆಂಗಳೂರಿನಿಂದ

ಕ್ಷಮಿಸಿ, ಮಧ್ಯೆ ಒಂದು ಪ್ರಶ್ನೆ. ನಮ್ಮ ತಂದೆಯ 28ಎ ಅರ್ಜಿಯ ಕಾಗದ ಸಾಹೇಬರ ಆಫೀಸಿನಲ್ಲೇ ಇದೆ. ತಂದೆಯೂ ಈಗ ಇಲ್ಲ. ಇನ್ನು ಮುಂದೆ ಏನು ಮಾಡುವುದು? ಯಾರನ್ನು ಕೇಳುವುದು ಅಂತ ತಿಳಿಯುತ್ತಿಲ್ಲ.

ಸಾಹೇಬರ ಕಿರಿಯ ವಕೀಲೆ

ಒಳ್ಳೆಯದಾಯಿತು ಕೇಳಿದ್ದು. ಇದನ್ನು ಎಲ್ಲರೂ ಗಮನಿಸಿ. ವಕೀಲರು ತೀರಿಕೊಂಡರೆ ಅವರಿಗೆ ಕೊಟ್ಟ ವಕಾಲತ್ತು ಅಲ್ಲಿಗೇ ಮುಗಿಯುತ್ತದೆ. ನಡೆಯುತ್ತಿರುವ ಕೇಸಿಗೆ ನೀವು ಹೊಸ ವಕೀಲರನ್ನು ಗೊತ್ತು ಮಾಡಿ ಹೊಸ ವಕಾಲತ್ತು ಹಾಕಬೇಕು, ಆಫೀಸಿನವರು ನೋಡಿಕೊಳ್ಳುತ್ತಾರೆ ಅಂತ ಸುಮ್ಮನೆ ಕೂರಬೇಡಿ. ಅರ್ಜಿದಾರರೇ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ ಮತ್ತು ವಂಶಾವಳಿ ಕೊಟ್ಟು ವಾರಸುದಾರರ ಹೆಸರು ಸೇರಿಸಬೇಕು. ಕೋರ್ಟಿನಲ್ಲಿರುವ ಕೇಸಾದರೆ ಅದಕ್ಕೆ 90 ದಿನದ ಮುದ್ದತ್ತು ಇದೆ. ದಾಟಿದ್ದರೆ ತಡವಾದದ್ದಕ್ಕೆ ಕಾರಣ ಹೇಳಿ ಬೇರೆ ಅರ್ಜಿ ಹಾಕಬೇಕಾಗುತ್ತದೆ, ಅದಕ್ಕೂ ದಾರಿ ಇದೆ. ವಂಶಾವಳಿಯಲ್ಲಿ ಅಕ್ಕತಂಗಿಯರ ಹೆಸರು ಬಿಡಬೇಡಿ.

ಮೂಲ ಕಾಗದಗಳನ್ನು ವಾಪಸ್ ಕೊಡುವ ಕೆಲಸ ಶುರುವಾಗಿದೆ. ಹಳೇ ಗುಮಾಸ್ತರು ಶನಿವಾರ ಬೆಳಿಗ್ಗೆ ಆಫೀಸಿನಲ್ಲಿರುತ್ತಾರೆ. ಊರಿನ ಹೆಸರಿನ ಪ್ರಕಾರ ಕಟ್ಟು ಕಟ್ಟಿ ಇಟ್ಟಿದ್ದಾರೆ. ನಿಮ್ಮ ಗುರುತಿನ ಚೀಟಿ, ತಂದೆಯ ಹೆಸರು, ಸರ್ವೆ ನಂಬರು ಗೊತ್ತಿದ್ದರೆ ಸರ್ವೆ ನಂಬರು ತೆಗೆದುಕೊಂಡು ಹೋಗಿ. ಕಾಗದ ಪಡೆದದ್ದಕ್ಕೆ ಸಹಿ ಹಾಕಬೇಕು. ಬರಲಾಗದ ವಯಸ್ಸಾದವರಿದ್ದರೆ ಇಲ್ಲಿ ಊರಿನ ಹೆಸರು ಮಾತ್ರ ಬರೆಯಿರಿ, ಆ ಕಡೆ ಹೋಗುವವರ ಕೈಯಲ್ಲಿ ಮುಟ್ಟಿಸುವ ವ್ಯವಸ್ಥೆ ಮಾಡೋಣ.

ಚೆಂಡಿಯೆ ನಿರಾಶ್ರಿತ

ಚೆಂಡಿಯೆ, ಅರಗಾ, ಅಮದಳ್ಳಿ ಕಡೆಯ ಕಟ್ಟುಗಳನ್ನು ನಾನು ತಲುಪಿಸುತ್ತೇನೆ. ಬರುವ ಶನಿವಾರ ಹೋಗುತ್ತಿದ್ದೇನೆ.

ಅಂಕೋಲೆ ಮೇಷ್ಟ್ರು (ನಿವೃತ್ತ)

ಅಂಕೋಲೆ ಕಡೆಯದ್ದು ನನಗೆ ಬಿಡಿ. ಹಾರವಾಡ, ಅವರ್ಸಾದವರ ಮನೆಗಳು ಗೊತ್ತಿವೆ.